ಕಂಬಳದ ಕರೆಯಲ್ಲಿ ದುಡಿದವರು

ತುಳುನಾಡಿನ ಕಂಬಳವನ್ನು ಕುರಿತು ಬರೆದವರು ಕೋಣಗಳ ವೇಗವನ್ನೂ, ಓಡಿಸುವ ತರುಣರ ಅಂಗಸೌಷ್ಠವವನ್ನೂ, ಯಜಮಾನರ ಮನೆತನದ ಪ್ರತಿಷ್ಠೆಯನ್ನೂ ಮನದಣಿಯೆ ವರ್ಣಿಸಿರುವರು. ಆದರೆ ನಿಮಿಷದೊಳಗೆ ಮುಗಿದುಹೋಗುವ ಆ ಓಟಕ್ಕಾಗಿ ಗದ್ದೆಯನ್ನು ಉತ್ತು, ನೀರು ನಿಲ್ಲಿಸಿ, ಕೆಸರನ್ನು ಹದಗೊಳಿಸಿ, ಇರುಳೆಲ್ಲ ಕಾದು ಕುಳಿತವರು ಯಾರು, ಅವರು ಸ್ವೇಚ್ಛೆಯಿಂದ ಬಂದರೋ ಅಂಜಿ ಬಂದರೋ ಎಂಬುದನ್ನು ವಿಚಾರಿಸಿದವರು ವಿರಳ.

ಪೂರ್ವದಲ್ಲಿ ಕಂಬಳವೆಂಬುದು ಗುತ್ತು, ಬೀಡುಗಳೆಂಬ ಭೂಒಡೆಯರ ಮನೆತನಗಳ ಹಾಗೂ ಅರಮನೆಗಳ ಗದ್ದೆಯಲ್ಲಿ, ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಮುಗಿದ ಮೇಲೆ ನಡೆಯುತ್ತಿದ್ದ ಕೃಷಿವಿಧಿ. ಕದ್ರಿಯ ಕಂಬಳಕ್ಕೆ ‘ಅರಸು ಕಂಬಳ’ವೆಂಬ ಹೆಸರು ಇಂದಿಗೂ ಸಲ್ಲುತ್ತಿದೆ. ಪೂಕರೆಯೆಂಬ ಅಲಂಕೃತ ಕಂಬವನ್ನು ಗದ್ದೆಯ ನಡುವೆ ನೆಟ್ಟು, ನಾಗ-ಭೂತಗಳಿಗೆ ಸಲ್ಲತಕ್ಕುದನ್ನು ಸಲ್ಲಿಸಿ, ಅನಂತರ ಕೋಣಗಳನ್ನು ಇಳಿಸುವುದು ಕ್ರಮ. ಒಕ್ಕಲುಗಳು ತಮ್ಮ ಕೋಣ, ನೊಗ, ನೇಗಿಲುಗಳೊಡನೆ ಒಡೆಯನ ಗದ್ದೆಗೆ ಬಂದು ದುಡಿಯುವುದನ್ನು ಸೇವೆಯೆಂದು ಕರೆಯುತ್ತಿದ್ದರು. ಬಾರದಿದ್ದರೆ ಗೇಣಿಯ ಭೂಮಿ ಉಳಿಯುವುದೇ ಎಂಬ ಸಂದೇಹವಿದ್ದಲ್ಲಿ ಆ ಸೇವೆಯೊಳಗೆ ಭಕ್ತಿಯೆಷ್ಟು, ಭಯವೆಷ್ಟು ಎಂದು ತೂಗುವುದು ಸುಲಭವಲ್ಲ.

ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಬುಡಕಟ್ಟಿನವರಾದ ಕೊರಗರ ವಿಷಯದಲ್ಲಾದರೋ ಅಂಥ ತೂಕದ ಆವಶ್ಯಕತೆಯೇ ಇಲ್ಲ. ಕಂಬಳದ ಹಿಂದಿನ ರಾತ್ರಿ ಬಯಲಿನಲ್ಲಿ, ಇಬ್ಬನಿಗೆ ಮೈಯೊಡ್ಡಿ, ಡೋಲು ಬಾರಿಸುತ್ತ ಬೆಳಗು ಮಾಡುವ ‘ಪನಿಕುಲ್ಲುನಿ’ ಅವರ ಪಾಲಿನದಾಗಿತ್ತು. ಅದು ಇಷ್ಟಕ್ಕೇ ನಿಂತಿದ್ದರೆ ಸಂಪ್ರದಾಯವೆಂದು ಹೇಳಿ ಮುಂದೆ ಸಾಗಬಹುದಿತ್ತೇನೋ. ಆದರೆ ಕೋಣಗಳು ಇಳಿಯುವ ಮೊದಲು ಅದೇ ಕೆಸರಿನಲ್ಲಿ ಕೊರಗರನ್ನು ಕೋಣಗಳಂತೆ ಓಡಿಸುತ್ತಿದ್ದ ಪದ್ಧತಿಯೂ ಇತ್ತು. ಡೋಲಿಲ್ಲದೆ ಕಂಬಳವಿಲ್ಲ, ಆದರೂ ಡೋಲಿನ ಕೈಗೆ ಪಂಕ್ತಿಯಲ್ಲಿ ಎಡೆಯಿಲ್ಲ. ‘ಅಜಲು’ ಎಂಬ ಈ ಅನಿಷ್ಟವನ್ನು ನಿಷೇಧಿಸಿ ಕರ್ನಾಟಕದ ಶಾಸನಸಭೆ 2000ದಲ್ಲಿ ಮಾಡಿದ ಕಾನೂನು, ಕೂಲಿ ಕೊಡದೆ ದುಡಿಸುವುದನ್ನೂ, ಕೂದಲು ಉಗುರುಗಳನ್ನು ಬೆರೆಸಿದ ಅನ್ನವನ್ನು ಉಣಿಸುವುದನ್ನೂ ಹೇಳುತ್ತ, ಕಂಬಳಕ್ಕೆ ಮುನ್ನ ಕೊರಗರನ್ನು ಓಡಿಸುವುದನ್ನು ತನ್ನ ವ್ಯಾಖ್ಯೆಯೊಳಗೇ ಹೆಸರಿಸಿ ಸೇರಿಸಿದೆ. ಒಂದು ಕ್ರೀಡೆಯ ಸಿದ್ಧತೆಯ ವಿವರವು ಅಪರಾಧವಾಗಿ ಶಾಸನದಲ್ಲಿ ದಾಖಲಾದ ಉದಾಹರಣೆ ಬೇರೊಂದು ಇರುವುದಾದರೆ ಅದು ನನ್ನ ಅರಿವಿಗೆ ಬಂದಿಲ್ಲ.

1974ರ ಭೂಸುಧಾರಣೆಯಿಂದ ಗೇಣಿದಾರನೇ ಭೂಮಿಯ ಒಡೆಯನಾದ ಮೇಲೆ, ಕರೆದೊಡನೆ ಬರುವ ಒಕ್ಕಲು ಇಲ್ಲದಾದುದರಿಂದ, ಹಲವು ಗುತ್ತುಗಳ ಕಂಬಳಗಳು ಸೊರಗಿದವು. ಅವುಗಳ ಸ್ಥಾನದಲ್ಲಿ ಸಮಿತಿಗಳು ನಡೆಸುವ, ಎರಡು ಕರೆ ಅಂದರೆ ಓಟದ ಹಾದಿಗಳುಳ್ಳ ಜೋಡುಕರೆ ಕಂಬಳಗಳು ಬಲಿತವು: ಮಿಯಾರಿನ ಲವ-ಕುಶ, ಪುತ್ತೂರಿನ ಕೋಟಿ-ಚೆನ್ನಯ, ಐಕಳದ ಕಾಂತಾಬಾರೆ-ಬೂದಾಬಾರೆ. ಇಲ್ಲಿ ಊರ ತರುಣರು ಕರೆಯ ಮಣ್ಣನ್ನು ಹದಮಾಡುವರು. ಓಟ ಹೊರಡುವ ಗಂತಿನಲ್ಲಿ ಕೋಣಗಳನ್ನು ಸಾಲುಗೂಡಿಸುವರು. ಓಟ ಮುಗಿಸಿ ಮಂಜೊಟ್ಟಿಗೆ ನುಗ್ಗುವ ಜೋಡಿಯನ್ನು ಎದೆಗೊಟ್ಟು ಹಿಡಿಯುವರು. ಓಡಿಸುವವನು ಮೆಟ್ಟಿ ನಿಲ್ಲುವ ಕನೆಹಲಗೆಯಿಂದ ಚಿಮ್ಮಿದ ನೀರು 6.5 ಅಥವಾ 7.5 ಕೋಲಿನ ನಿಶಾನೆಯನ್ನು ಮುಟ್ಟಿತೋ ಇಲ್ಲವೋ ಎಂದು ಕತ್ತೆತ್ತಿ ನಿಂತು ನೋಡುವರು. ಬಂದವರಿಗೆಲ್ಲ ಊಟ ಬಡಿಸುವವರೂ ಅವರೇ. ಓಟವು ಹಗಲಿರುಳು ಸಾಗಿ ಮರುದಿನಕ್ಕೆ ಕಾಲಿಡುವುದುಂಟಾದ್ದರಿಂದ ಈ ದುಡಿಮೆ ಅಲ್ಪವೇನಲ್ಲ. ಆದರೆ ಬಾರದವನನ್ನು ಗದ್ದೆಯಿಂದ ಎಬ್ಬಿಸುವ ಒಡೆಯನಿಲ್ಲ. ಕೆ. ಗುಣಪಾಲ ಕಡಂಬರ ಮುಂದಾಳುತನದ ಕಂಬಳ ಅಕಾಡೆಮಿಯು 2011ರಿಂದ ಓಟಗಾರರನ್ನು ತರಬೇತುಗೊಳಿಸಿದುದರಿಂದ, ಹಿಂದೆ ಒಕ್ಕಲುಮಗನ ಕರ್ತವ್ಯವಾಗಿದ್ದುದು ಈಗ ಸಂಭಾವನೆಯುಳ್ಳ ಕಲೆಯಾಗಿದೆ.

ಮುಂದೆ ಬಂದುದು ವ್ಯಾಜ್ಯದ ಕಾಲ. 2014ರಲ್ಲಿ ಸುಪ್ರೀಂ ಕೋರ್ಟು ನೀಡಿದ ತೀರ್ಪಿನಿಂದ ಕಂಬಳಕ್ಕೆ ತಡೆ ಬಿತ್ತು. ರಾಜ್ಯವು ಪ್ರಾಣಿಹಿಂಸೆ ತಡೆಯುವ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆ ಅವಧಿಯಲ್ಲಿ ಕೋಣದ ಬೆನ್ನಿಗೆ ಬೀಳುವ ಬೆತ್ತವನ್ನು ಕುರಿತು ಮಂಗಳೂರಿನಿಂದ ದೆಹಲಿಯವರೆಗೆ ನಡೆದ ವಾದ ನ್ಯಾಯವಾದುದೇ, ಅದನ್ನು ಅಲ್ಲಗಳೆಯಲಾರೆ. ಆದರೆ ಅದೇ ಕರೆಯಲ್ಲಿ ಮನುಷ್ಯನನ್ನು ಓಡಿಸಕೂಡದೆಂಬ ಕಾನೂನು 2014ರ ಆ ತೀರ್ಪಿಗೂ 14 ವರ್ಷ ಮೊದಲೇ ಬಂದಿದ್ದಾಗ, ಪರವಾಗಿ ಮೆರವಣಿಗೆ ಹೊರಟವರೂ ವಿರೋಧವಾಗಿ ಅರ್ಜಿ ಹಾಕಿದವರೂ ಅದರ ಹೆಸರನ್ನೆತ್ತಿದುದು ತೀರ ಅಪರೂಪ.