ಮೆಸೇಜ್ ಬರಲಿಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತಲ್ಲ

1/4
ಪರೀಕ್ಷೆಗೆ ಬರದ ಇತಿಹಾಸ ಇದು, ನಮ್ಮ ಗದಗ ಜಿಲ್ಲೆಯಿಂದಲೇ ಶುರು ಮಾಡ್ತೀನಿ. ಲಕ್ಕುಂಡಿಯ ಬ್ರಹ್ಮ ಜಿನಾಲಯದ ಮುಂದೆ ಸೆಲ್ಫಿ ತಗೊಂಡಿದ್ದೀರಲ್ಲ? 1007ರಲ್ಲಿ ಅದನ್ನು ಕಟ್ಟಿಸಿದ್ದು ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿ ಬರೆಸಿ ಹಂಚಿದವಳೂ ಆಕೆಯೇ ಅಂತಾರೆ. ಆ ಕಾವ್ಯ ಉಳಿದಿದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯ ಕಳೆದೇ ಹೋಗಿದೆ. ಅಂದ್ರೆ ಬ್ಯಾಕಪ್ ಹೊಸದೇನಲ್ಲ. ಓದುವ ಪ್ರತಿಗೆ ಹುಳ ಬಿದ್ದರೆ ಕಣ್ಣಿಗೆ ಕಾಣುತ್ತೆ. ಕಟ್ಟಿಟ್ಟ ಪ್ರತಿಗೆ ಬಿದ್ದರೆ ಯಾರಿಗೂ ಗೊತ್ತಾಗಲ್ಲ.

2/4
1970ರ ದಶಕದಲ್ಲಿ ಯೂನಿಕ್ಸ್ ಕಂಪ್ಯೂಟರ್‌ಗಳಿಗೆ ಕ್ರಾನ್ ಅನ್ನೋ ಪ್ರೋಗ್ರಾಂ ಬಂತು. ಹೇಳಿದ ಹೊತ್ತಿಗೆ ಹೇಳಿದ ಕೆಲಸ. ರಾತ್ರಿ 2ಕ್ಕೆ ಬ್ಯಾಕಪ್ ಅಂದ್ರೆ 2ಕ್ಕೇ. ಏನಾದ್ರೂ ಕೆಟ್ಟರೆ ಮೇಲ್ ಬರುತ್ತೆ ಅಂತ ಎಲ್ಲರೂ ನಿಶ್ಚಿಂತೆಯಿಂದ ಮಲಗಿದರು. ಆ ಮೇಲೇ ಬರದಿದ್ದರೆ?

3/4
2017ರ ಜನವರಿ 31. ಸಾಫ್ಟ್‌ವೇರ್‌ನವರು ಕೋಡ್ ಇಡುವ ಗಿಟ್‌ಲ್ಯಾಬ್‌ನಲ್ಲಿ ಒಬ್ಬ ಎಂಜಿನಿಯರ್ ತಪ್ಪು ಸರ್ವರ್‌ನಲ್ಲಿ ಡಿಲೀಟ್ ಕೊಟ್ಟುಬಿಟ್ಟರು. ಸುಮಾರು 300 ಜಿಬಿ ಡೇಟಾ ಅಳಿಸಿಹೋಯ್ತು. ಬ್ಯಾಕಪ್ ಇರಬೇಕಾದ ಜಾಗ ನೋಡಿದ್ರೆ ಖಾಲಿ! ಡೇಟಾಬೇಸ್ 9.6ನೇ ಆವೃತ್ತಿ, ಬ್ಯಾಕಪ್ ತೆಗೆಯುವ ಪ್ರೋಗ್ರಾಂ 9.2. ಹೊಂದಾಣಿಕೆಯಾಗದೆ ಫೇಲ್ ಆಗ್ತಾ ಇತ್ತು. ಎಚ್ಚರಿಕೆಯ ಮೇಲ್‌ಗಳೂ ಸರಿಯಾದ ಗುರುತಿಲ್ಲ ಅಂತ ತಿರಸ್ಕೃತವಾಗಿ ಯಾರ ಕೈಗೂ ಸೇರಲಿಲ್ಲ. ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆ ತೆಗೆದಿದ್ದ ಒಂದು ಪ್ರತಿ ಕಾಪಾಡಿತು. ನಡುವಿನ ಆರು ಗಂಟೆಯ ಡೇಟಾ ಹೋಯ್ತು. ಕಂಪನಿ ತನ್ನ ತಪ್ಪನ್ನು ತಾನೇ ಬಹಿರಂಗವಾಗಿ ಬರೆದುಕೊಂಡಿತು.

4/4
ಅಷ್ಟು ದೂರ ಯಾಕೆ? ಗಜೇಂದ್ರಗಡದಲ್ಲಿ ನಾನು ಲೆಕ್ಕ ಬರೆಯೋಕೆ ಹೋಗ್ತಿದ್ದ ಸೀರೆ ಅಂಗಡಿಯ ಕಂಪ್ಯೂಟರ್ ಒಂದು ದಿನ ಕೆಟ್ಟಿತು. ಬ್ಯಾಕಪ್ ಪೆನ್‌ಡ್ರೈವ್ ತುಂಬಿ ಎರಡು ತಿಂಗಳಾಗಿತ್ತು. ನಾನು ಒಮ್ಮೆಯೂ ತೆಗೆದು ನೋಡಿರಲಿಲ್ಲ. ಬಿಲ್ ಇದ್ದದ್ದನ್ನ ಮತ್ತೆ ಎಂಟ್ರಿ ಹೊಡೆದೆ. ಬಿಲ್ ಇಲ್ಲದ ಉದ್ರಿ ಯಾರದೆಷ್ಟು ಅಂತ ಇವತ್ತಿಗೂ ಗೊತ್ತಾಗಿಲ್ಲ. ಮಾಲೀಕರು ಬೈಯಲಿಲ್ಲ. ಅದೇ ಜಾಸ್ತಿ ನೋವಾಯ್ತು.

ಈಗ ನಾನು ಮಾಡೋದು ಇಷ್ಟು:
ಫೇಲ್ ಆದಾಗ ಮಾತ್ರ ಅಲ್ಲ, ಬ್ಯಾಕಪ್ ಆದಾಗಲೂ ಮೆಸೇಜ್ ಬರೋ ಹಾಗೆ ಇಟ್ಟಿದ್ದೀನಿ. ಬರದ ದಿನ ಎದ್ದು ಹೋಗಿ ನೋಡ್ತೀನಿ.
ಫೈಲಿನ ತಾರೀಖು, ಸೈಜ್ ವಾರಕ್ಕೊಮ್ಮೆ ನೋಡ್ತೀನಿ. ಸೊನ್ನೆ ಕೆಬಿ ಫೈಲ್ ಬ್ಯಾಕಪ್ ಅಲ್ಲ.
ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರ್‌ನಲ್ಲಿ ರಿಸ್ಟೋರ್ ಮಾಡಿ, ಟ್ರಯಲ್ ಬ್ಯಾಲೆನ್ಸ್ ತೆಗೆದು ಎರಡೂ ಕಡೆ ಒಂದೇ ಬರುತ್ತಾ ಅಂತ ತಾಳೆ ನೋಡ್ತೀನಿ.

ನಿಮ್ಮ ಫೋನ್‌ನ ಕೊನೆಯ ಬ್ಯಾಕಪ್ ಯಾವ ತಾರೀಖಿನದು? ಈಗಲೇ ನೋಡಿ ಕಾಮೆಂಟ್ ಹಾಕ್ರಿ. ನೋಡದೆ ಹಾಕಬ್ಯಾಡ್ರಿ ಮತ್ತ!

#ಗಜೇಂದ್ರಗಡ #ಲಕ್ಕುಂಡಿ #ಬಿಕಾಂಬಳಗ