ವ್ಯಾಪಾರ ವ್ಯವಹಾರಗಳಲ್ಲಿ ಲಿಖಿತ ಕರಾರಿನ ಮಹತ್ವ

ಜಯನಗರ, ಜೆ.ಪಿ. ನಗರ, ಬನಶಂಕರಿ ಹಾಗೂ ಬಿ.ಟಿ.ಎಂ. ಬಡಾವಣೆಗಳಲ್ಲಿ ಅಂಗಡಿ, ಉಪಾಹಾರ ಗೃಹ ಹಾಗೂ ಸಣ್ಣ ಕೈಗಾರಿಕೆಗಳನ್ನು ನಡೆಸುವ ಅನೇಕರು ಪರಿಚಯ ಮತ್ತು ನಂಬಿಕೆಯ ಮೇಲೆಯೇ ವ್ಯವಹಾರ ಪ್ರಾರಂಭಿಸುತ್ತಾರೆ. ಭಾರತೀಯ ಕರಾರು ಅಧಿನಿಯಮ, 1872ರ ಮೇರೆಗೆ ಬಾಯಿಮಾತಿನ ಕರಾರು ಸಹ ಸಾಮಾನ್ಯವಾಗಿ ಸಿಂಧುವಾಗಿರುತ್ತದೆ. ಆದರೆ ಕರಾರು ಸಿಂಧುವಾಗಿರುವುದು ಬೇರೆ, ವಿವಾದ ಉಂಟಾದಾಗ ಅದನ್ನು ರುಜುವಾತುಪಡಿಸುವುದು ಬೇರೆ. ಉಭಯ ಪಕ್ಷದವರು ತಮ್ಮ ಷರತ್ತುಗಳನ್ನು ಬರೆದುಕೊಳ್ಳದಿದ್ದಲ್ಲಿ, ಹಲವು ವಿಷಯಗಳಲ್ಲಿ ಕಾನೂನು ವಿಧಿಸಿರುವ ಷರತ್ತುಗಳೇ ಅನ್ವಯವಾಗುತ್ತವೆ. ಈ ಕುರಿತು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಕಂಡ ಅಂಶಗಳನ್ನು ನೀಡಲಾಗಿದೆ.

1. ಮಳಿಗೆ ಬಾಡಿಗೆ

ಒಂದು ವರ್ಷಕ್ಕೆ ಮೀರಿದ ಅವಧಿಯ ಬಾಡಿಗೆ ಕರಾರನ್ನು ನೋಂದಾಯಿಸುವುದು ಕಡ್ಡಾಯವಾಗಿರುತ್ತದೆ (ಸ್ವತ್ತು ವರ್ಗಾವಣೆ ಅಧಿನಿಯಮ, 1882, ಪ್ರಕರಣ 107, ನೋಂದಣಿ ಅಧಿನಿಯಮ, 1908, ಪ್ರಕರಣ 17). ಉದಾಹರಣೆಗೆ, ಜಯನಗರ 4ನೇ ಬ್ಲಾಕಿನಲ್ಲಿ ಒಬ್ಬರು "ಐದು ವರ್ಷ ನಿಮಗೇ" ಎಂಬ ಮಾತನ್ನು ನಂಬಿ ಮಳಿಗೆ ಪಡೆದು, ಲಕ್ಷಾಂತರ ರೂಪಾಯಿ ವೆಚ್ಚದಲ್ಲಿ ಅದನ್ನು ಸಜ್ಜುಗೊಳಿಸುತ್ತಾರೆಂದು ಭಾವಿಸೋಣ. ನೋಂದಾಯಿತ ಪತ್ರವಿಲ್ಲದಿದ್ದಲ್ಲಿ ಇದು ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಯೆಂದೇ ಪರಿಗಣಿತವಾಗುತ್ತದೆ. ಅಂತಹ ಬಾಡಿಗೆಯನ್ನು 106ನೇ ಪ್ರಕರಣದಡಿ 15 ದಿನಗಳ ನೋಟೀಸಿನಿಂದ ಕೊನೆಗಾಣಿಸಬಹುದು. ರೂಢಿಯಲ್ಲಿರುವ 11 ತಿಂಗಳ ಕರಾರಿನ ರಕ್ಷಣೆ ಆ 11 ತಿಂಗಳಿಗೆ ಮಾತ್ರ ಸೀಮಿತವಾಗಿರುತ್ತದೆ.

14 ಚದರ ಮೀಟರ್ (ಸುಮಾರು 150 ಚದರ ಅಡಿ) ಮೀರದ ವಾಣಿಜ್ಯ ಮಳಿಗೆಗಳಿಗೆ ಕರ್ನಾಟಕ ಬಾಡಿಗೆ ಅಧಿನಿಯಮ, 1999 ಅನ್ವಯವಾಗಬಹುದು. ಅದರ 4ನೇ ಪ್ರಕರಣದನ್ವಯ ಲಿಖಿತ ಕರಾರು ಕಡ್ಡಾಯ.

2. ಪಾಲುದಾರಿಕೆ

ಬಿ.ಟಿ.ಎಂ. ಬಡಾವಣೆಯಲ್ಲಿ ಇಬ್ಬರು ಸ್ನೇಹಿತರು ಉಪಾಹಾರ ಗೃಹ ತೆರೆಯುತ್ತಾರೆ ಎಂದುಕೊಳ್ಳೋಣ. ಒಬ್ಬರ ಬಂಡವಾಳ 15 ಲಕ್ಷ, ಇನ್ನೊಬ್ಬರದು 5 ಲಕ್ಷ ರೂಪಾಯಿ. ಲಾಭಾಂಶದ ಬಗ್ಗೆ ಕರಾರು ಇಲ್ಲದಿದ್ದಲ್ಲಿ, ಭಾರತೀಯ ಪಾಲುದಾರಿಕೆ ಅಧಿನಿಯಮ, 1932ರ 13ನೇ ಪ್ರಕರಣದಂತೆ ಲಾಭವೂ ನಷ್ಟವೂ ಸಮಪಾಲು. ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾಪೆಟ್ಟಿಗೆಯ ಬಳಿ ದುಡಿಯುವ ಪಾಲುದಾರರಿಗೆ ಅದಕ್ಕಾಗಿ ಸಂಬಳ ಕೇಳುವ ಹಕ್ಕಿರುವುದಿಲ್ಲ. ಅಲ್ಲದೆ, ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆಯು ತನಗೆ ಹಣ ಬಾಕಿ ಉಳಿಸಿಕೊಂಡ ಹೊರಗಿನವರ ವಿರುದ್ಧ ಕರಾರಿನ ಆಧಾರದ ಮೇಲೆ ದಾವೆ ಹೂಡಲು 69ನೇ ಪ್ರಕರಣವು ಅಡ್ಡಿಯಾಗುತ್ತದೆ.

3. ಸರಕು ಸರಬರಾಜು

ಜೆ.ಪಿ. ನಗರದ ಸಾರಕ್ಕಿ ಕೈಗಾರಿಕಾ ಬಡಾವಣೆಯಂತಹ ಪ್ರದೇಶಗಳ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006 ರಕ್ಷಣೆ ನೀಡುತ್ತದೆ. ಲಿಖಿತ ಕರಾರಿದ್ದಲ್ಲಿ ಅದರಲ್ಲಿನ ದಿನಾಂಕದೊಳಗೆ, ಆದರೆ 45 ದಿನ ಮೀರದಂತೆ, ಖರೀದಿದಾರರು ಹಣ ಪಾವತಿಸತಕ್ಕದ್ದು. ಕರಾರಿಲ್ಲದಿದ್ದಲ್ಲಿ ಈ ಅವಧಿ 15 ದಿನ. ತಪ್ಪಿದಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ಆದರೆ ಈ ಹಕ್ಕನ್ನು ಚಲಾಯಿಸಲು ಸರಬರಾಜು ಆದೇಶ ಹಾಗೂ ಸರಕು ಸ್ವೀಕೃತಿಯ ದಾಖಲೆ ಕೈಯಲ್ಲಿರಬೇಕು.

4. ಕರಾರಿನಲ್ಲಿ ಇರಬೇಕಾದ ಅಂಶಗಳು

ಅ) ಉಭಯ ಪಕ್ಷದವರ ಪೂರ್ಣ ಹೆಸರು, ವಿಳಾಸ ಮತ್ತು ದಿನಾಂಕ
ಆ) ಸರಕು, ಸೇವೆ ಅಥವಾ ಸ್ವತ್ತಿನ ಸ್ಪಷ್ಟ ವಿವರ
ಇ) ಮೊಬಲಗು, ಮುಂಗಡ, ಪಾವತಿಯ ದಿನಾಂಕ ಮತ್ತು ವಿಳಂಬಕ್ಕೆ ಬಡ್ಡಿ
ಈ) ಅವಧಿ, ನವೀಕರಣ ಹಾಗೂ ರದ್ದತಿಯ ನೋಟೀಸು
ಉ) ವಿವಾದ ಇತ್ಯರ್ಥದ ವಿಧಾನ
ಊ) ಪ್ರತಿ ಪುಟದಲ್ಲಿ ಸಹಿ, ಕೊನೆಯಲ್ಲಿ ಇಬ್ಬರು ಸಾಕ್ಷಿಗಳ ಸಹಿ

5. ಮುದ್ರಾಂಕ ಮತ್ತು ನೋಂದಣಿ

ಕಡಿಮೆ ಬೆಲೆಯ ಛಾಪಾ ಕಾಗದದಲ್ಲಿ ಬರೆದರೆ ಸಾಕೆಂಬ ಭಾವನೆ ಸರಿಯಲ್ಲ. ಕರ್ನಾಟಕ ಸ್ಟಾಂಪು ಅಧಿನಿಯಮ, 1957ರ 34ನೇ ಪ್ರಕರಣದ ಮೇರೆಗೆ, ಸೂಕ್ತ ಮುದ್ರಾಂಕ ಶುಲ್ಕ ಪಾವತಿಯಾಗದ ಪತ್ರವನ್ನು ನ್ಯಾಯಾಲಯವು ಸಾಕ್ಷ್ಯವಾಗಿ ಸ್ವೀಕರಿಸಬೇಕಾದರೆ, ಕೊರತೆಯ ಶುಲ್ಕದೊಂದಿಗೆ ಅದರ ಹತ್ತು ಪಟ್ಟು ದಂಡ ಪಾವತಿಸಬೇಕಾಗುತ್ತದೆ. ನೋಂದಣಿ ಕಡ್ಡಾಯವಿರುವ ಬಾಡಿಗೆ ಪತ್ರವನ್ನು ಬರೆದುಕೊಟ್ಟ ದಿನಾಂಕದಿಂದ ನಾಲ್ಕು ತಿಂಗಳೊಳಗೆ ಉಪನೋಂದಣಾಧಿಕಾರಿಗಳ ಮುಂದೆ ಹಾಜರುಪಡಿಸತಕ್ಕದ್ದು.

6. ವಿಶೇಷ ಸೂಚನೆ

ಬಾಕಿ ವಸೂಲಿ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇರುತ್ತದೆ. ಒಮ್ಮೆ ಬರಹಕ್ಕಿಳಿದ ಷರತ್ತಿಗೆ ವಿರುದ್ಧವಾಗಿ "ಬಾಯಿಮಾತಿನಲ್ಲಿ ಬೇರೆ ಒಪ್ಪಿದ್ದರು" ಎಂಬ ವಾದವನ್ನು ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಸಾಮಾನ್ಯವಾಗಿ ಅಂಗೀಕರಿಸುವುದಿಲ್ಲ. ಆದ್ದರಿಂದ ಪತ್ರವನ್ನು ಪೂರ್ಣವಾಗಿ ಓದಿ, ತಿಳಿಯದಿದ್ದಲ್ಲಿ ಓದಿಸಿಕೇಳಿ, ನಂತರವೇ ಸಹಿ ಮಾಡುವುದು. ಖಾಲಿ ಹಾಳೆಗೆ ಯಾವ ಕಾರಣಕ್ಕೂ ಸಹಿ ಮಾಡಬಾರದು. ಲಿಖಿತ ಕರಾರು ಅಪನಂಬಿಕೆಯ ಗುರುತಲ್ಲ. ಸ್ನೇಹ ಹಾಗೂ ಬಂಡವಾಳ ಎರಡನ್ನೂ ಉಳಿಸಿಕೊಳ್ಳುವ ಮಾರ್ಗವೆಂದು ಭಾವಿಸಿ ವ್ಯವಹರಿಸಲು ಸಾರ್ವಜನಿಕರನ್ನು ಕೋರಲಾಗಿದೆ.