ಕವಿತೆ ಕಟ್ಟಿದ ಜನಪ್ರಿಯ ಸಂಗೀತ

ಅಮೆರಿಕದ ಬ್ಲೂಸ್, ಕಂಟ್ರಿ ಹಾಡುಗಳನ್ನು ಮನೆಮನೆಗೆ ಒಯ್ದದ್ದು ಗ್ರಾಮಫೋನ್ ತಟ್ಟೆ ಮತ್ತು ರೇಡಿಯೊ. ಕನ್ನಡದ ಸುಗಮ ಸಂಗೀತಕ್ಕೂ ಯಂತ್ರಗಳೇ ದಾರಿ ಮಾಡಿದವು. ಆದರೆ ಅದಕ್ಕೆ ಕಸುವು ತುಂಬಿದ್ದು ಕವಿತೆ. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ ಮಲೆನಾಡಿಗೆ ಹತ್ತಿರದ ದನಿಯಾಯಿತು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ, 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದವು.

ಸುಗಮ ಸಂಗೀತದ ಜನಪ್ರಿಯತೆ ಬೆಂಗಳೂರಿನ ಸ್ಟುಡಿಯೊ ಮತ್ತು ಸಿನಿಮಾದ ಕೊಡುಗೆ ಎನ್ನುವ ವಾದವಿದೆ. ಧ್ವನಿಮುದ್ರಣದ ಮಟ್ಟಿಗೆ ಅದನ್ನು ಒಪ್ಪಬಹುದು. ಆದರೆ ಹಿನ್ನೆಲೆ ಗಾಯನಕ್ಕೆ ಕನ್ನಡದ ಮೊದಲ ರಾಷ್ಟ್ರಪ್ರಶಸ್ತಿ ತಂದ ‘ಕಾಡು ಕುದುರೆ’ ಚಿತ್ರದ ಹಾಡನ್ನು ಬರೆದವರು ಕವಿ ಚಂದ್ರಶೇಖರ ಕಂಬಾರ, ಹಾಡಿದವರು ಶಿವಮೊಗ್ಗ ಸುಬ್ಬಣ್ಣ. ಸಿನಿಮಾವೇ ಕವಿತೆಯ ಬಳಿಗೆ ಬಂದಿತ್ತು. ಶಿವಮೊಗ್ಗ ಜಿಲ್ಲೆಯ ಕವಿಗಳು, ಗಾಯಕರು, ಕೇಳುಗರಿಲ್ಲದೆ ಈ ಪ್ರಕಾರದ ಚರಿತ್ರೆ ಪೂರ್ಣವಾಗದು.